ಫರ್ದರ್ ಮ್ಯಾಥ್ಸ್ ಬಿಟ್ಟ ಆ ಚಳಿಗಾಲ

ಉತ್ತರ ಸರಿಯಾಗಿತ್ತು. ಆದರೆ ಅದರ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಆ ಹುಡುಗಿ ಇಡೀ ಲೆಕ್ಕವನ್ನೇ ಹೊಡೆದುಹಾಕಿದ್ದಳು. ಅವಸರದಲ್ಲಿ ಏನೋ ಗೊಂದಲ ಮಾಡಿಕೊಂಡಿರಬೇಕು ಎಂದುಕೊಂಡು ಪುಟ ತಿರುಗಿಸಿದೆ. ಮುಂದಿನ ಲೆಕ್ಕವೂ ಕೊನೆಯ ಸಾಲಿನವರೆಗೆ ಸರಿ, ಅದರ ಮೇಲೂ ಅದೇ ಗೆರೆ. ಉತ್ತರಪತ್ರಿಕೆಯ ತುಂಬ ಹಾಗೆಯೇ ಇತ್ತು. ಕೊನೆಕೊನೆಯ ಗೆರೆಗಳನ್ನು ಎಷ್ಟು ಒತ್ತಿ ಎಳೆದಿದ್ದಳೆಂದರೆ ಕಾಗದವೇ ಹರಿದಿತ್ತು. ಹೊಡೆದುಹಾಕಿದ ಲೆಕ್ಕಕ್ಕೆ ಅಂಕ ಕೊಡುವಂತಿಲ್ಲ. ಸ್ಟಾಫ್ ರೂಮಿನಲ್ಲಿ ಕೆಂಪು ಪೆನ್ನು ಹಿಡಿದು ಕುಳಿತಿದ್ದ ನನಗೆ ಅಂಕಕ್ಕಿಂತ ಮೊದಲು ಹೆದರಿಕೆಯಾಯಿತು. ತಪ್ಪು ಮಾಡುವ ಮಕ್ಕಳನ್ನು ತಿದ್ದುವುದು ನನಗೆ ಗೊತ್ತಿತ್ತು. ಸರಿಯಾದದ್ದನ್ನು ಅಳಿಸುವ ಮಗುವಿಗೆ ಏನು ಹೇಳಬೇಕೆಂದು ಯಾರೂ ನನಗೆ ಕಲಿಸಿರಲಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ನಾನು ಕುವೈತಿನ ಸಾಲ್ಮಿಯಾದಲ್ಲಿ, ಸಮುದ್ರದ ರಸ್ತೆಗೆ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಅಲ್ಲಿ ಇಂಗ್ಲೆಂಡಿನ ಪಠ್ಯಕ್ರಮ. ಕೊನೆಯ ಎರಡು ವರ್ಷ ಮಕ್ಕಳು ಮೂರು ವಿಷಯ ತೆಗೆದುಕೊಂಡರೆ ಸಾಕು. ದೊಡ್ಡ ಕಾಲೇಜುಗಳ ಮೇಲೆ ಕಣ್ಣಿಟ್ಟವರು ನಾಲ್ಕನೆಯದಾಗಿ ಫರ್ದರ್ ಮ್ಯಾಥ್ಸ್ ಹಿಡಿಯುತ್ತಿದ್ದರು. ಮಾಮೂಲಿ ಗಣಿತದ ಮೇಲೆ ಇನ್ನೊಂದು ಗಣಿತ ಅದು. ಬೇರೆಯವರು ಒಂದು ವಾರ ಓದುವುದನ್ನು ಆ ತರಗತಿಯಲ್ಲಿ ಒಂದು ಪೀರಿಯಡ್ಡಿನಲ್ಲಿ ದಾಟಿ ಹೋಗಬೇಕು. ಅದನ್ನು ಕಲಿಸುತ್ತಿದ್ದವಳು ನಾನೇ. ಅದರ ಜೊತೆಗೆ, ಟೈಪಿಂಗ್ ಬರುತ್ತದೆ ಎಂಬ ಕಾರಣಕ್ಕೆ, ಕೊನೆಯ ವರ್ಷದ ಮಕ್ಕಳ ಕಾಲೇಜು ಅರ್ಜಿಗಳ ಕೆಲಸವೂ ನನ್ನ ತಲೆಗೆ ಬಂದಿತ್ತು.

ಆ ಗೆರೆಗಳನ್ನು ಎಳೆದವಳು ಆ ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ. ಅವಳ ತಂದೆ ಒಂದು ದೊಡ್ಡ ಕಂಪನಿಯಲ್ಲಿ ಮುಖ್ಯ ಎಂಜಿನಿಯರ್. ನನ್ನ ಗಂಡ ಅದೇ ವಿಭಾಗದಲ್ಲಿ ಅವರ ಕೈಕೆಳಗೆ ಇದ್ದರು. ಅವಳ ತಂದೆಯೂ ನಮ್ಮಂತೆ ಮೈಸೂರು ಕಡೆಯವರೇ. ಯುಗಾದಿಗೋ ಗೌರಿಹಬ್ಬಕ್ಕೋ ನಾವು ಅವರ ಮನೆಗೆ ಹೋಗುತ್ತಿದ್ದೆವು. ಅಲ್ಲಿ ತಂದೆ ಮಗಳನ್ನು ಕರೆದು, ಬಂದವರ ಮುಂದೆ ಏನಾದರೊಂದು ಪ್ರಶ್ನೆ ಕೇಳುವರು. ಅವಳು ಇಂಗ್ಲಿಷಿನಲ್ಲಿ ಥಟ್ಟನೆ ಉತ್ತರ ಹೇಳಿ ಒಳಗೆ ಹೋಗಿಬಿಡುವಳು. ಎಲ್ಲರೂ ಮೆಚ್ಚುವರು. ನಾನೂ ಮೆಚ್ಚಿದ್ದೇನೆ.

ಅಮೆರಿಕದ ಕೆಲವು ಕಾಲೇಜುಗಳಿಗೆ ಅವಳ ಅರ್ಜಿ ಹೋಗಬೇಕಿತ್ತು. ಲೋಕದ ಎಲ್ಲ ಕಡೆಯಿಂದ ಮಕ್ಕಳು ಅರ್ಜಿ ಹಾಕಿ, ಬೆರಳೆಣಿಕೆಯವರು ಮಾತ್ರ ಒಳಗೆ ಹೋಗುವಂಥ ಕಾಲೇಜುಗಳು. ಹೆಸರುಗಳನ್ನು ಆರಿಸಿದವರು ತಂದೆ. ಶಾಲೆಯ ಕಡೆಯಿಂದ ನಾನು ಕಳಿಸಬೇಕಾದದ್ದು ಒಂದು ವರದಿ: ಈ ವರ್ಷ ಓದುತ್ತಿರುವ ವಿಷಯಗಳು, ಈವರೆಗಿನ ಅಂಕ, ಈ ಶಾಲೆಯಲ್ಲಿ ಸಿಗುವ ಅತಿ ಕಠಿಣ ಪಾಠಗಳನ್ನು ಇವಳು ತೆಗೆದುಕೊಂಡಿದ್ದಾಳೋ ಎಂಬ ಪ್ರಶ್ನೆ. ಹೌದು ಎಂದು ಗುರುತು ಹಾಕಿದೆ. ಕೆಳಗೆ ಇನ್ನೊಂದು ಷರತ್ತಿತ್ತು. ವಿಷಯಗಳಲ್ಲಿ ಬದಲಾವಣೆಯಾದರೆ ಶಾಲೆ ಕೂಡಲೇ ತಿಳಿಸತಕ್ಕದ್ದು. ಅದಕ್ಕೂ ಸಹಿ ಮಾಡಿ, ಕಾರ್ಬನ್ ಪ್ರತಿ ತೆಗೆದಿಟ್ಟು, ರಿಜಿಸ್ಟರ್ಡ್ ಏರ್‌ಮೇಲಿನಲ್ಲಿ ಕಳಿಸಿದೆ. ಆ ಗೆರೆ ಹೊಡೆದ ಪತ್ರಿಕೆ ನನ್ನ ಕೈಗೆ ಬಂದದ್ದು ಅರ್ಜಿಗಳು ಹೋದ ಮೇಲೆ.

ಮಾರನೆಯ ದಿನ ಅವಳನ್ನು ತರಗತಿಯಲ್ಲೇ ಉಳಿಸಿಕೊಂಡೆ.

"ಇದೆಲ್ಲ ಸರಿ ಇದೆಯಲ್ಲಮ್ಮ, ಯಾಕೆ ಹೊಡೆದುಹಾಕಿದೆ?"

"ಐ ಡೋಂಟ್ ನೋ, ಮಿಸ್. ಮುಗಿಸಿದ ಮೇಲೆ ಇಟ್ ಲುಕ್ಡ್ ರಾಂಗ್. ಎಲ್ಲಾನೂ."

"ರಾತ್ರಿ ನಿದ್ದೆ ಮಾಡ್ತೀಯಾ?"

ಬೆರಳುಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಳು. ಉಗುರುಗಳ ಸುತ್ತ ಚರ್ಮ ಕಿತ್ತು ಕೆಂಪಾಗಿದ್ದನ್ನು ಅಷ್ಟರಲ್ಲಿ ನಾನು ನೋಡಿದ್ದೆ.

ಗಣಿತದ ಮೇಡಂ ಆಗಿ ನನಗೆ ತಿಳಿದಿದ್ದ ಉಪಾಯಗಳನ್ನೆಲ್ಲ ಮಾಡಿದೆ. ಮನೆಗೆಲಸ ಕಡಿಮೆ ಮಾಡಿದೆ. ಗಡಿಯಾರವಿಲ್ಲದೆ ಪರೀಕ್ಷೆ ಕೊಟ್ಟೆ. ಕ್ಯಾಲ್ಕುಲಸ್ ಬದಿಗಿಟ್ಟು ಅವಳಿಗೆ ಇಷ್ಟವಾದ ಮ್ಯಾಟ್ರಿಕ್ಸಿನಿಂದ ಶುರು ಮಾಡಿದೆ. ಎರಡು ದಿನ ಚೆನ್ನಾಗಿರುವಳು, ಮೂರನೆಯ ದಿನ ಪ್ರಶ್ನೆಯನ್ನು ಓದುತ್ತ ಓದುತ್ತ ಅಲ್ಲೇ ನಿಂತುಬಿಡುವಳು. ಆಮೇಲೆ ರಸಾಯನಶಾಸ್ತ್ರದ ಮೇಷ್ಟ್ರು ಬಂದು, ನಿಮ್ಮ ಹುಡುಗಿ ಲ್ಯಾಬಿನಲ್ಲಿ ಬ್ಯುರೆಟ್ಟಿನ ಅಳತೆ ಓದಲಾರದೆ ಅತ್ತಳು ಎಂದರು. ಇದು ಒಂದು ವಿಷಯದ ಒಳಗೆ ನಿಲ್ಲುತ್ತಿಲ್ಲ, ಬೇರೆ ಕಡೆಗೂ ಹರಡುತ್ತಿದೆ ಎಂದು ಆಗ ತಿಳಿಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ನನ್ನ ಪೀರಿಯಡ್ಡಿಗೆ ಅವಳು ಬರಲಿಲ್ಲ. ಬೆಳಗಿನ ಹಾಜರಿಯಲ್ಲಿ ಇದ್ದಳು. ಪಕ್ಕದ ತರಗತಿಯಲ್ಲಿ, ಲೈಬ್ರರಿಯಲ್ಲಿ, ಹುಡುಗಿಯರ ಶೌಚಾಲಯದಲ್ಲಿ ನೋಡಿದೆ. ತಾರಸಿಯ ಬಾಗಿಲಿಗೆ ಬೀಗ ಇದೆಯೋ ಇಲ್ಲವೋ ನೋಡಲು ಮೆಟ್ಟಿಲು ಹತ್ತಿದೆ. ಬೀಗ ಇತ್ತು. ಕೆಳಗೆ ಗೇಟಿನಲ್ಲಿ ಹಾರಿಸ್, ಅಂದರೆ ಕಾವಲುಗಾರ, ಕುಳಿತಿದ್ದ, ಈಜಿಪ್ಟಿನ ಮುದುಕ. ನಾನು ಹುಡುಕುತ್ತಿರುವುದನ್ನು ಕಂಡು ಎದ್ದು ನಿಂತ.

"ಅಬ್ಲಾ," ಎಂದ. ಮೇಡಂ ಅನ್ನುವುದಕ್ಕೆ ಅವರು ಹಾಗೆನ್ನುತ್ತಾರೆ. "ಬಿಂತ್... ಬಹರ್." ಹುಡುಗಿ, ಸಮುದ್ರ. ಕೈ ತೋರಿಸಿದ. ಔಷಧಿ ತರಲು ಹೋಗುತ್ತೇನೆ ಎಂದು ಅವನಿಗೆ ಹೇಳಿ ಹೋಗಿದ್ದಳಂತೆ.

ಶಾಲೆಯಿಂದ ಸಮುದ್ರಕ್ಕೆ ದೂರವೇನಿಲ್ಲ, ನಡುವೆ ದೊಡ್ಡ ರಸ್ತೆ ಮಾತ್ರ. ಕಾರುಗಳು ನಿಲ್ಲುವುದಿಲ್ಲ. ಹೇಗೆ ದಾಟಿದೆನೋ ಗೊತ್ತಿಲ್ಲ, ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಉತ್ತರದ ಗಾಳಿ ಬೀಸುತ್ತಿತ್ತು, ನೀರು ಬೂದುಬಣ್ಣವಾಗಿತ್ತು. ಅಲೆ ತಡೆಯಲು ಹಾಕಿದ ಬಂಡೆಗಳ ತುದಿಯಲ್ಲಿ ಯೂನಿಫಾರ್ಮಿನ ನೀಲಿ ಕಂಡಿತು. ಕೂಗಬೇಕೆಂದು ಬಾಯಿ ತೆರೆದವಳು ಮುಚ್ಚಿದೆ. ಕೂಗಿದರೆ ಬೆಚ್ಚಿ ಜಾರಿದರೆ ಏನು ಮಾಡುವುದು ಎನ್ನಿಸಿತು. ಬಂಡೆಗಳ ಮೇಲೆ ಪಾಚಿ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಕೈ ಊರಿ ಊರಿ ಅವಳ ಹತ್ತಿರ ಹೋಗಿ ಕುಳಿತೆ. ಅವಳ ಮುಂಗೈ ಹಿಡಿದುಕೊಂಡೆ. ಬಿಡಲಿಲ್ಲ.

"ನಾನೇನೂ ಮಾಡಿಕೊಳ್ತಿರಲಿಲ್ಲ, ಮಿಸ್," ಎಂದಳು. "ಐ ಜಸ್ಟ್ ವಾಂಟೆಡ್ ಟು ಸಿಟ್. ಇಲ್ಲಿ ಯಾರೂ ಏನೂ ಕೇಳಲ್ಲ."

ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ನಿಜವೆಂದು ನಂಬುವ ಧೈರ್ಯ ನನಗಿರಲಿಲ್ಲ. ಅಲ್ಲಿಂದ ಏಳುವ ಮೊದಲೇ ನಿರ್ಧಾರವಾಗಿತ್ತು.

"ಫರ್ದರ್ ಮ್ಯಾಥ್ಸ್ ಇವತ್ತಿಗೆ ಮುಗೀತು," ಎಂದೆ. "ಆ ಪೀರಿಯಡ್ಡಲ್ಲಿ ನೀನು ಲೈಬ್ರರಿಯಲ್ಲಿ ನನ್ನ ಕಣ್ಣಿಗೆ ಕಾಣೋ ಕಡೆ ಕೂತ್ಕೊ. ಉಳಿದದ್ದನ್ನ ನಾನು ನೋಡ್ಕೋತೀನಿ."

"ಅಪ್ಪ ವಿಲ್ ನೆವರ್ ಸೈನ್."

ನನ್ನ ಹೆದರಿಕೆಯೂ ಅದೇ ಆಗಿತ್ತು.

ಪ್ರಿನ್ಸಿಪಾಲರು ಗೋವಾ ಮೂಲದ ಹಿರಿಯ ಹೆಂಗಸು, ಹೆಚ್ಚು ಮಾತಿನವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, ಬಾಗಿಲು ಮುಚ್ಚಿಸಿ, ನಿಯಮ ಓದಿ ಹೇಳಿದರು. ವರ್ಷದ ನಡುವೆ ವಿಷಯ ಬಿಡಬೇಕಾದರೆ ಪೋಷಕರ ಒಪ್ಪಿಗೆಯ ಸಹಿ ಬೇಕು. ಬಿಟ್ಟ ಮೇಲೆ ಕಾಲೇಜುಗಳಿಗೆ ತಿಳಿಸಲೇಬೇಕು. ತಿಳಿಸಿದರೆ ಅರ್ಜಿ ಬಿದ್ದುಹೋದೀತು. ತಿಳಿಸದೆ ಮುಂದೆ ಗೊತ್ತಾದರೆ ಸೀಟು ಕೈತಪ್ಪೀತು, ಈ ಶಾಲೆಯ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲ. ಅಂದೇ ಫೋನ್ ಮಾಡಿ ತಾಯಿಗೆ ಸಮುದ್ರದ ವಿಷಯ ಹೇಳಿದರು. ಹುಡುಗಿಯನ್ನು ಒಂಟಿಯಾಗಿ ಬಿಡಬೇಡಿ, ಡಾಕ್ಟರಿಗೆ ತೋರಿಸಿ ಎಂದರು.

ಮರುದಿನ ಸಂಜೆ ತಂದೆಯ ಫೋನು ನಮ್ಮ ಮನೆಗೆ ಬಂತು. ಎತ್ತಿದವರು ನನ್ನ ಗಂಡ. "ಸಾರ್... ಹೌದು ಸಾರ್... ಕೊಡ್ತೀನಿ ಸಾರ್," ಎಂದು ರಿಸೀವರನ್ನು ನನ್ನ ಕೈಗಿಟ್ಟರು.

"ಮೇಡಂ, ಅರ್ಜಿಗಳು ಹೋಗಿಯಾಗಿದೆ. ಈಗ ಬಿಟ್ರೆ ಅವಳ ಭವಿಷ್ಯ ಖಲಾಸ್," ಎಂದರು. ದನಿ ಏರಿರಲಿಲ್ಲ. "ಮಕ್ಕಳಿಗೆ ಪರೀಕ್ಷೆ ಭಯ ಇರೋದೇ. ಡಾಕ್ಟ್ರು ರಕ್ತ ಕಡಿಮೆ ಅಂದಿದಾರೆ, ಟಾನಿಕ್ ಕೊಟ್ಟಿದಾರೆ. ನೀವು ಪಾಠ ಮಾಡಿ. ಬಿಡೋ ವಿಚಾರ ಅವಳ ತಲೆಗೆ ಹಾಕಬೇಡಿ."

ಫೋನಿಟ್ಟ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತೆವು. ನನ್ನ ಗಂಡನ ಇಕಾಮಾ ಆ ತಿಂಗಳೇ ನವೀಕರಣಕ್ಕೆ ಹೋಗಿತ್ತು. ಆ ದೇಶದಲ್ಲಿ ಇರಲು ಕೊಡುವ ಪರವಾನಗಿ ಅದು. ಕಂಪನಿ ಬೇಡವೆಂದರೆ ಗಂಟುಮೂಟೆ ಕಟ್ಟಬೇಕು. ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡುವ ಮಾತು ಬೇರೆ ನಡೆದಿತ್ತು. ವಿಭಾಗದಿಂದ ಯಾರ ಹೆಸರು ಹೋಗಬೇಕೆಂದು ಬರೆದು ಕೊಡುವವರು ಆ ಹುಡುಗಿಯ ತಂದೆಯೇ.

"ಏನು ಮಾಡ್ಲಿ ರೀ?" ಎಂದು ಕೇಳಿದೆ.

"ಮಾಡು ಅಂತ ಹೇಳೋಷ್ಟು ಧೈರ್ಯ ನಂಗಿಲ್ಲ. ಮಾಡಬೇಡ ಅನ್ನೋಕೂ ಬಾಯಿ ಬರ್ತಿಲ್ಲ," ಎಂದರು. ಆಮೇಲೆ ನೀರು ಕುಡಿದು, "ಆ ಹುಡುಗಿ ಕೂತಿದ್ದ ಕಡೆ ಆಳ ಇತ್ತಾ?" ಎಂದು ಕೇಳಿದರು. ಇತ್ತು ಎಂದೆ. ಮತ್ತೆ ಆ ವಿಷಯ ಅವರು ಎತ್ತಲಿಲ್ಲ.

ವಾರದ ಕೊನೆಗೆ ಪ್ರಿನ್ಸಿಪಾಲರು ತಂದೆ ತಾಯಿ ಇಬ್ಬರನ್ನೂ ಕರೆಸಿದರು. ಶಾಲೆ ಬಿಟ್ಟ ಮೇಲೆ ನನ್ನ ತರಗತಿಯಲ್ಲೇ ಸೇರಿದೆವು. ತಂದೆ ಮುಂದಿನ ಬೆಂಚಿನಲ್ಲಿ ಕುಳಿತರು. ತಾಯಿ ಕಿಟಕಿಯ ಹತ್ತಿರ ನಿಂತರು. ಹುಡುಗಿ ಬಾಗಿಲ ಬಳಿ.

"ಅವಳಿಗೆ ಬರುತ್ತೋ ಇಲ್ಲವೋ ಇಲ್ಲೇ ನೋಡಿಬಿಡೋಣ," ಎಂದರು ತಂದೆ. "ಮೇಡಂ, ಒಂದು ಕಷ್ಟದ ಲೆಕ್ಕ ಕೊಡಿ."

"ಬೇಡ ಸಾರ್," ಎಂದೆ.

ಅಷ್ಟರಲ್ಲಿ ಅವಳೇ ಬೋರ್ಡಿಗೆ ಹೋಗಿ, ಹಿಂದಿನ ವಾರ ನಾನು ತರಗತಿಗೆ ಕೊಟ್ಟಿದ್ದ ಒಂದು ಡಿಫರೆನ್ಷಿಯಲ್ ಸಮೀಕರಣವನ್ನು ನೆನಪಿನಿಂದಲೇ ಬರೆದಳು. ಬಿಡಿಸತೊಡಗಿದಳು. ಹುಡುಗರು ಎಡವಿದ್ದ ಹಂತವನ್ನು ಸಲೀಸಾಗಿ ದಾಟಿದಳು. ಕೊನೆಯ ಸಾಲು ಬರೆದಾಗ ಉತ್ತರ ಪೂರ್ತಿ ಸರಿಯಾಗಿತ್ತು. ತಂದೆಯ ಮುಖ ಅರಳಿತು.

"ಬಂತಲ್ಲ, ಸರಿಯಾಗೇ ಬಂತಲ್ಲ ಮೇಡಂ."

ಅವಳು ಬೋರ್ಡಿಗೇ ಮುಖ ಮಾಡಿ ನಿಂತಿದ್ದಳು. ಬರೆದದ್ದನ್ನು ಅಂಗೈಯಿಂದ ಒರೆಸತೊಡಗಿದಳು. ಮೊದಲು ಕೊನೆಯ ಸಾಲು, ಆಮೇಲೆ ಅದರ ಮೇಲಿನದು, ಹಾಗೆಯೇ ಮೇಲೆ ಮೇಲೆ. ಒರೆಸಿ ಆದ ಮೇಲೂ ಕೈ ನಿಲ್ಲಲಿಲ್ಲ, ಖಾಲಿ ಬೋರ್ಡನ್ನೇ ಉಜ್ಜುತ್ತಿದ್ದಳು. ತಾಯಿ ಹೋಗಿ ಆ ಕೈ ಹಿಡಿದರು.

"ರೀ, ಕೈ ತಣ್ಣಗೆ ಕೊರೀತಿದೆ. ಮೈಯೆಲ್ಲ ನಡುಗ್ತಿದೆ ನೋಡಿ," ಎಂದರು.

ಹೇಳಬೇಕಾದ್ದನ್ನು ನಾನು ಆಗ ಹೇಳಿದೆ. "ಸಾರ್, ಬರಲ್ಲ ಅಂತಿದ್ರೆ ನಾನು ಹೇಳಿಕೊಡ್ತಿದ್ದೆ. ಅವಳಿಗೆ ಬರುತ್ತೆ. ಬಂದ್ರೂ ಹೀಗಾಗುತ್ತೆ. ಇದಕ್ಕೆ ನನ್ನ ಹತ್ರ ಪಾಠ ಇಲ್ಲ." ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು.

ತಂದೆ ಎದ್ದರು. ಯಾರನ್ನೂ ನೋಡದೆ ಹೊರಗೆ ಹೋದರು. ಕೆಳಗೆ ಕಾರು ಚಾಲೂ ಆದ ಸದ್ದು ಕೇಳಿಸಿತು, ಆದರೆ ಕಾರು ಹೊರಡಲಿಲ್ಲ. ಪ್ರಿನ್ಸಿಪಾಲರು ಒಪ್ಪಿಗೆಯ ಕಾಗದವನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಪೋಷಕರು ಎಂದಿದೆ, ತಂದೆ ಎಂದೇನೂ ಇಲ್ಲ ಎಂದರು. ನಾನು ಅದನ್ನು ತಾಯಿಗೆ ಕನ್ನಡದಲ್ಲಿ ಹೇಳಿದೆ. ಆಕೆ ಸೆರಗಿನಿಂದ ಕೈಯ ಚಾಕ್‌ಪುಡಿ ಒರೆಸಿಕೊಂಡು, ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು. ಮಗಳ ಭುಜ ಹಿಡಿದು ಮೆಟ್ಟಿಲಿಳಿದರು. ಮನೆಗೆ ಹೋದ ಮೇಲೆ ಏನು ನಡೆಯಿತೋ ನನಗೆ ಗೊತ್ತಿಲ್ಲ. ಮುಂದಿನ ಶನಿವಾರ, ಅಲ್ಲಿ ವಾರ ಶುರುವಾಗುವ ದಿನ, ಹುಡುಗಿ ಶಾಲೆಗೆ ಬಂದಳು, ಲೈಬ್ರರಿಯಲ್ಲಿ ಕುಳಿತಳು. ನನಗೆ ಅಷ್ಟು ಸಾಕಿತ್ತು.

ಕಾಲೇಜುಗಳಿಗೆ ಪತ್ರ ಟೈಪ್ ಮಾಡಿದೆ. ಈ ವಿದ್ಯಾರ್ಥಿನಿ ಈ ವಿಷಯವನ್ನು ಬಿಟ್ಟಿದ್ದಾಳೆ, ಉಳಿದ ವಿಷಯಗಳು ಹಿಂದಿನಂತೆಯೇ ಇವೆ ಎಂದಷ್ಟೇ ಬರೆದೆ. ಆ ಪತ್ರಗಳನ್ನು ಪೋಸ್ಟ್ ಆಫೀಸಿನಲ್ಲಿ ತೂಕಕ್ಕೆ ಹಾಕುವಾಗ, ಬಾಗಿಲುಗಳನ್ನು ನಾನೇ ಒಂದೊಂದಾಗಿ ಮುಚ್ಚುತ್ತಿದ್ದೇನೋ ಅನ್ನಿಸಿ ಕೈ ಹಿಂದೆ ಬಂತು. ಆದರೂ ಹಾಕಿದೆ.

ಜನವರಿ ಕಳೆಯಿತು. ಹುಡುಗಿ ಊಟ ಮಾಡುತ್ತಿದ್ದಾಳೆ, ನಿದ್ದೆ ಬರುತ್ತಿದೆ ಎಂದು ತಾಯಿ ಫೋನಿನಲ್ಲಿ ಹೇಳಿದರು, ಮೆಲ್ಲಗೆ, ಯಾರಿಗೋ ಕೇಳಿಸಬಾರದು ಎಂಬಂತೆ. ಫೆಬ್ರವರಿಯಲ್ಲಿ ಉತ್ತರದ ಕಡೆ ನೆರೆದೇಶಗಳ ನಡುವೆ ನಡೆಯುತ್ತಿದ್ದ ಯುದ್ಧ ಹತ್ತಿರಕ್ಕೆ ಬಂದಿತ್ತು; ತೋಪಿನ ಸದ್ದಿಗೆ ತರಗತಿಯ ಕಿಟಕಿ ಗಾಜುಗಳು ಒಮ್ಮೊಮ್ಮೆ ಅದುರುತ್ತಿದ್ದವು. ಮಕ್ಕಳು ತಲೆಯೆತ್ತಿ ನನ್ನ ಮುಖ ನೋಡುವರು. ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದೆ, ಮುಖ ತೋರಿಸದೆ ಇರಲಿಕ್ಕೆ.

ಅಂಥ ಒಂದು ದಿನ ಶಾಲೆಯ ಮಾಲೀಕರ ಆಫೀಸಿನ ಟೆಲೆಕ್ಸ್ ಯಂತ್ರಕ್ಕೆ ಒಂದು ಸಂದೇಶ ಬಂತು. ಆ ಕಾಲೇಜುಗಳಲ್ಲಿ ಒಂದು ಕೇಳಿತ್ತು: ಬಿಟ್ಟದ್ದು ಏಕೆ? ಈ ವಾರದೊಳಗೆ ತಿಳಿಸಿ. ಉಳಿದವರು ಯಾರೂ ಕೇಳಿರಲಿಲ್ಲ.

ಪ್ರಿನ್ಸಿಪಾಲರು, ವೇಳಾಪಟ್ಟಿ ಹೊಂದಿಕೆಯಾಗಲಿಲ್ಲ ಎಂದು ಬರೆದರೆ ಹೇಗೆ ಎಂದರು. ಎಲ್ಲ ಶಾಲೆಗಳಲ್ಲೂ ಹಾಗೆ ಬರೆಯುತ್ತಾರೆ, ಯಾರೂ ವಿಚಾರಿಸುವುದಿಲ್ಲ. ನನಗೂ ಆಸೆಯಾಯಿತು. ನಿಜ ಬರೆದರೆ ಅವರು ಅದನ್ನು ಏನೆಂದು ಓದುತ್ತಾರೋ ಯಾರಿಗೆ ಗೊತ್ತು. ಮನಸ್ಸಿನ ಕಾಯಿಲೆ ಎಂದು ಒಮ್ಮೆ ಯಾರಾದರೂ ಬರೆದಿಟ್ಟರೆ ಅದು ಅವಳ ಹಿಂದೆಯೇ ಬರುತ್ತದೆ ಎಂಬ ಹೆದರಿಕೆ ನನ್ನನ್ನು ಹಿಡಿಯಿತು. ಟೈಪ್‌ರೈಟರಿಗೆ ಕಾಗದ ಸಿಕ್ಕಿಸಿ ಕುಳಿತೆ. ಆಗ ಹೊಳೆಯಿತು, ಇದು ನಾನು ಹೇಳುವ ಮಾತೇ ಅಲ್ಲ. ಹುಡುಗಿಯನ್ನು ಕರೆಸಿ ಟೆಲೆಕ್ಸನ್ನು ತೋರಿಸಿದೆ.

"ಎರಡು ದಾರಿ ಇದೆ," ಎಂದೆ. "ಟೈಮ್‌ಟೇಬಲ್ ಅಂತ ಬರೀಬಹುದು. ಇಲ್ಲಾ ಇದ್ದದ್ದು ಹೇಳಬಹುದು. ಇದ್ದದ್ದು ಹೇಳಿದ್ರೆ ಸೀಟು ಸಿಗದೇ ಇರಬಹುದು. ನನಗೂ ಭಯಾನೇ. ನೀನೇ ಹೇಳು."

ಅವಳು ಕಿಟಕಿಯ ಆಚೆ ನೋಡಿದಳು. ಗಾಜು ಮತ್ತೊಮ್ಮೆ ಅದುರಿತು.

"ಟೈಮ್‌ಟೇಬಲ್ ಅಂದ್ರೆ, ಅಲ್ಲಿ ಹೋದ ಮೇಲೆ ಮತ್ತೆ ಹೀಗಾದ್ರೆ ಐ ವಿಲ್ ಹ್ಯಾವ್ ಟು ಲೈ ಅಗೇನ್," ಎಂದಳು. ನನ್ನ ಪೆನ್ನು ತೆಗೆದುಕೊಂಡು, ನಿಂತುಕೊಂಡೇ ಇಂಗ್ಲಿಷಿನಲ್ಲಿ ಬರೆದಳು. ಅದರ ತಾತ್ಪರ್ಯ ಇಷ್ಟು: ನನಗೆ ಈ ವಿಷಯದ ಭಯ ಹಿಡಿದಿತ್ತು. ಅದು ಬೇರೆ ವಿಷಯಗಳಿಗೂ ಹರಡುತ್ತಿತ್ತು. ಅದಕ್ಕೇ ಬಿಟ್ಟೆ. ಈಗ ನಿದ್ದೆ ಮಾಡುತ್ತೇನೆ, ಉಳಿದದ್ದನ್ನು ಚೆನ್ನಾಗಿ ಓದುತ್ತಿದ್ದೇನೆ.

ಕೆಳಗೆ ನಾನು ಒಂದು ಮಾತು ಸೇರಿಸಿದೆ: ಬಿಡು ಎಂದು ಹೇಳಿದವಳು ಈ ವಿಷಯ ಕಲಿಸುತ್ತಿದ್ದ ನಾನೇ, ಮತ್ತೆ ಅಂಥದೇ ಸಂದರ್ಭ ಬಂದರೆ ಅದನ್ನೇ ಹೇಳುತ್ತೇನೆ. ಮನೆಗೆ ಹೇಳಿದ್ದೀಯಾ ಎಂದು ಕೇಳಿದ್ದಕ್ಕೆ, ಅಮ್ಮನಿಗೆ ಹೇಳುತ್ತೇನೆ ಎಂದಳು. ಪ್ರಿನ್ಸಿಪಾಲರು ಓದಿ, ಕನ್ನಡಕ ತೆಗೆದಿಟ್ಟು, ಕಳಿಸಿ ಎಂದರು.

ಆ ನಡುವೆ ನನ್ನ ಗಂಡನ ಇಕಾಮಾ ನವೀಕರಣವಾಗಿ ಬಂತು. ಅದರ ಬೆನ್ನಿಗೇ ವರ್ಗದ ಆದೇಶವೂ ಬಂತು: ಡ್ರಾಯಿಂಗ್ ಆಫೀಸಿನಿಂದ ಊರಾಚೆ ಸಬ್ಹಾನಿನಲ್ಲಿದ್ದ ಗೋದಾಮಿಗೆ. ಹುಡುಗಿಯ ವಿಷಯಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ನಾವು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅಲ್ಲಿ ತಗಡಿನ ಸೂರಿನ ಕೆಳಗೆ ಪೈಪುಗಳ ನಡುವೆ ಅವರ ಮೇಜು. ಮನೆಗೆ ಬಂದಾಗ ಅಂಗಿಯ ಕಾಲರಿನಲ್ಲಿ ಮರಳು ಇರುತ್ತಿತ್ತು. ಒಂದು ದಿನವೂ ಅವರು ಅದನ್ನು ನನ್ನ ಮುಂದೆ ಆಡಿ ತೋರಿಸಲಿಲ್ಲ.

ಏಪ್ರಿಲಿನಲ್ಲಿ ಉತ್ತರಗಳು ಬಂದವು. ತಂದೆ ಎಲ್ಲಕ್ಕಿಂತ ಮೇಲಿಟ್ಟಿದ್ದ ಕಾಲೇಜು ಇಲ್ಲ ಎಂದಿತು. ಇನ್ನೊಂದೂ ಇಲ್ಲ ಎಂದಿತು. ಫರ್ದರ್ ಮ್ಯಾಥ್ಸ್ ಇದ್ದಿದ್ದರೆ ಸಿಗುತ್ತಿತ್ತೋ ಏನೋ, ಅದನ್ನು ತಿಳಿಯುವ ದಾರಿ ಇಲ್ಲ. ಟೆಲೆಕ್ಸ್ ಕಳಿಸಿದ್ದ ಕಾಲೇಜು ಮಾತ್ರ ಸೀಟು ಕೊಟ್ಟಿತು. ಸುದ್ದಿ ಹೇಳಲು ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಾಗ, ಏನೋ ಅನಾಹುತವಾಯಿತು ಎಂದುಕೊಂಡು ನಾನು ಕುರ್ಚಿ ಬೀಳಿಸಿಕೊಂಡು ಎದ್ದೆ. ಆ ವರ್ಷವೆಲ್ಲ ಅವಳು ಎಲ್ಲಿ ಕಂಡರೂ ನನ್ನ ಎದೆ ಮೊದಲು ಹಾಗೆಯೇ ಹಾರುತ್ತಿತ್ತು.

ಆಗಸ್ಟಿನಲ್ಲಿ ಅವಳು ಹೊರಟಳು. ತಾಯಿ ಕರೆದಿದ್ದರಿಂದ ನಾವೂ ವಿಮಾನ ನಿಲ್ದಾಣಕ್ಕೆ ಹೋದೆವು. ತಂದೆ ನನ್ನ ಗಂಡನಿಗೆ ತಲೆಯಾಡಿಸಿದರು. ನನ್ನ ಬಳಿ ಬಂದು ನಿಂತು ಕೇಳಿದರು:

"ಮೇಡಂ, ಅಲ್ಲಿ ಮತ್ತೆ ಹಾಗಾದ್ರೆ ನಮಗೆ ಹೇಗೆ ಗೊತ್ತಾಗುತ್ತೆ?"

ಅದೊಂದು ಪ್ರಶ್ನೆಯನ್ನೇ ಅವರು ತಿಂಗಳುಗಟ್ಟಲೆ ಒಳಗಿಟ್ಟುಕೊಂಡಿದ್ದರು ಎಂದು ಅವರ ಕಣ್ಣು ನೋಡಿದಾಗ ತಿಳಿಯಿತು. ನಿದ್ದೆ ಇಲ್ಲದವರ ಕಣ್ಣು. ಪಕ್ಕದಲ್ಲೇ ಇದ್ದ ಹುಡುಗಿ ಕೇಳಿಸಿಕೊಂಡಳು.

"ನಾನೇ ಫೋನ್ ಮಾಡ್ತೀನಪ್ಪಾ. ಬಟ್ ಮಾರ್ಕ್ಸ್ ಎಷ್ಟು ಅಂತ ಮೊದಲು ಕೇಳಬಾರದು."

ಅವರು ಬೇರೆ ಕಡೆ ನೋಡಿದರು. ಸ್ಪೀಕರಿನಲ್ಲಿ ಅವಳ ವಿಮಾನದ ಹೆಸರು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಕೇಳಿಸಿತು. ವಿಮಾನದೊಳಗೆ ಚಳಿಯಾದೀತೆಂದು ತಾಯಿ ಅವಳ ಸ್ವೆಟರಿನ ಗುಂಡಿ ಹಾಕಿದರು.

"ಮತ್ತೇನು ಕೇಳ್ಲಿ?" ಎಂದರು ತಂದೆ. ಅದು ಕೋಪದ ಮಾತಾಗಿರಲಿಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ.

"ಊಟ ಆಯ್ತಾ ಅಂತ ಕೇಳಿ," ಎಂದಳು ಹುಡುಗಿ.

ಅವರು ಅದನ್ನು ತುಟಿಯೊಳಗೇ ಒಮ್ಮೆ ಹೇಳಿಕೊಂಡದ್ದನ್ನು ನಾನು ನೋಡಿದೆ.